ನಮ್ಮ ಭಾವ ಟೌನ್ ಹಾಲಿನ ಕಂಪ್ಯೂಟರಿಗೆ ಮೆಮೊರಿ ಹಾಕಿದ್ದು

ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನಮ್ಮ ಭಾವ ಡೆಲ್ಮರ್ ಹಕಲಾನಿಗೆ ಇದ್ದದ್ದು “ಅದೇನು ಮಹಾ, ನಾನು ಮಾಡ್ತೀನಿ ಬಿಡು” ಎನ್ನುವ ಚಟ. ಮೊದಲಿನ ಎರಡಕ್ಕೆ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಬುಧವಾರ ಸಭೆ ನಡೆಯುತ್ತದೆ; ಹೋಗಿ ಅತ್ತು, ಕಾಫಿ ಕುಡಿದು ಬರಬಹುದು. ಮೂರನೆಯದಕ್ಕೆ ಮದ್ದಿಲ್ಲ. ಅಂಥವರನ್ನು ಊರಿನವರು ಹುಡುಕಿ ಊರಿನ ಆಡಳಿತ ನೋಡುವ ಟೌನ್‌ಶಿಪ್ ಮಂಡಳಿಗೆ ಆರಿಸುತ್ತಾರೆ.

ಹಾಗೆ ಆರಿಸಿ ಬಂದ ಭಾವನಿಗೆ ಮಂಡಳಿಯವರು ಸ್ಮಶಾನದ ಉಸ್ತುವಾರಿ ಕೊಟ್ಟರು. ಅಲ್ಲಿ ಹಾಳು ಮಾಡುವುದಕ್ಕೆ ಏನೂ ಇಲ್ಲ ಎಂಬುದು ಅವರ ಧೈರ್ಯ. ಸರೋವರದ ದಂಡೆಯ ನಮ್ಮೂರು ಆಲ್ಡರ್ ಬೇಯಲ್ಲಿ ಉಸಿರಾಡುತ್ತಿರುವವರು ಆರು ನೂರು, ಮಣ್ಣಿನಲ್ಲಿರುವವರು ಎರಡು ಸಾವಿರ. ಅಂದರೆ ಊರಿನ ಬಹುಮತವೆಲ್ಲ ಡೆಲ್ಮರನ ಕೈಕೆಳಗೆ ಬಂತು. ಆ ಬಹುಮತದಲ್ಲಿ ಯಾರು ಎಲ್ಲಿ ಮಲಗಿದ್ದಾರೆ ಎಂಬುದು ಟೌನ್ ಹಾಲಿನ ಕಂಪ್ಯೂಟರಿಗೆ ಮಾತ್ರ ಗೊತ್ತಿತ್ತು. ಮುಂಚೆ ದೊಡ್ಡದೊಂದು ಪುಸ್ತಕವಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಚಳಿಗೆ ನೀರಿನ ಪೈಪು ಒಡೆದು ಪುಸ್ತಕ ನೆನೆದು ಮುದ್ದೆಯಾಯಿತು. ಡೆಲ್ಮರ್ ಆ ಚಳಿಗಾಲವೆಲ್ಲ ಕೂತು, ಒಂದೇ ಬೆರಳಿನಲ್ಲಿ ಕುಟ್ಟಿ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಪುಸ್ತಕವನ್ನು ಒಲೆಗೆ ಹಾಕಿದ. ಆಮೇಲೆ ಕಂಪ್ಯೂಟರು ಒಮ್ಮೆ ಬದಲಾಯಿತು. ಬದಲಾದದ್ದಕ್ಕೂ ಈಗ ಹದಿನಾಲ್ಕು ವರ್ಷ. ಇನ್ನೊಂದು ಪ್ರತಿ ಇಟ್ಟಿದ್ದೀಯಾ ಎಂದು ಯಾರೋ ಕೇಳಿದ್ದಕ್ಕೆ ಇಟ್ಟಿದ್ದೇನೆ ಎಂದ. ಸುಳ್ಳಲ್ಲ. ಅದೇ ಕಂಪ್ಯೂಟರಿನ ಒಳಗೆ, ಪಕ್ಕದ ಫೋಲ್ಡರಿನಲ್ಲಿ ಇಟ್ಟಿದ್ದ.

ಮೇ ತಿಂಗಳಲ್ಲಿ, ನೆಲ ಕರಗಿದ ಮೇಲೆ, ಒಂದು ಮಂಗಳವಾರ ಆರ್ವೊ ಸಾಲ್ಮಿ ಟೌನ್ ಹಾಲಿಗೆ ಬಂದರು. ಎಂಬತ್ತೆಂಟು ವರ್ಷ. ನಲವತ್ತು ವರ್ಷ ಅದಿರಿನ ಹಡಗಿನಲ್ಲಿ ದುಡಿದವರು. ಅವರ ಹೆಂಡತಿ ಐಲಿ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಫೆಬ್ರವರಿಯ ನೆಲ ನಮ್ಮಲ್ಲಿ ಯಾವ ಗುದ್ದಲಿಗೂ ಬಗ್ಗುವುದಿಲ್ಲ; ಚಳಿಗಾಲದಲ್ಲಿ ಹೋದವರು ಸ್ಮಶಾನದ ಕಲ್ಲುಕೋಣೆಯಲ್ಲಿ ಮೇ ತನಕ ಕಾಯಬೇಕು. ಐಲಿಯವರೂ ಕಾಯುತ್ತಿದ್ದರು. ಮುಂದಿನ ವಾರದ ಶನಿವಾರಕ್ಕೆ ಪಾದ್ರಿಗಳು ದಿನ ಗೊತ್ತು ಮಾಡಿದ್ದರು.

ಐಲಿಯವರ ಆಸೆ ಒಂದೇ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಅವರಿಗೊಂದು ಹೆಣ್ಣು ಮಗು ಹುಟ್ಟಿ ಮೂರನೇ ದಿನ ಹೋಗಿತ್ತು. ಅದರ ಪಕ್ಕದಲ್ಲಿ ತನ್ನನ್ನು ಮಲಗಿಸಬೇಕು. ಮಗುವಿಗೆ ನೆಟ್ಟ ಮರದ ಶಿಲುಬೆ ಎಂದೋ ಕೊಳೆತುಹೋಗಿತ್ತು. ಮಣ್ಣಿಗಿಟ್ಟ ದಿನ ಆರ್ವೊ ಸರೋವರದ ನಡುವೆ ಹಡಗಿನಲ್ಲಿದ್ದರು. ಆಮೇಲೆ ಐಲಿ ವರ್ಷವರ್ಷವೂ ಹೋದರು. ಆರ್ವೊ ಗೇಟಿನ ಹತ್ತಿರ ಟ್ರಕ್ಕಿನಲ್ಲೇ ಕೂತಿರುತ್ತಿದ್ದರು, ಇಳಿಯುತ್ತಿರಲಿಲ್ಲ. ಹಾಗಾಗಿ ಜಾಗ ಐಲಿಯವರಿಗೊಬ್ಬರಿಗೇ ಗೊತ್ತಿತ್ತು. ಈಗ ಅವರನ್ನು ಕೇಳುವ ಹಾಗಿಲ್ಲ, ಕಂಪ್ಯೂಟರನ್ನೇ ಕೇಳಬೇಕು.

ಗುಮಾಸ್ತೆ ಮಾರ್ಲಿಸ್ ಬುಶಾರ್ ಸ್ಮಶಾನದ ನಕ್ಷೆ ತೆರೆಯಲು ಗುಂಡಿ ಒತ್ತಿದಳು. ಆ ನಕ್ಷೆ ತೆರೆದುಕೊಳ್ಳುವಷ್ಟರಲ್ಲಿ ಅವಳು ಕಾಫಿ ಮಾಡಿ, ಕುಡಿದು, ಲೋಟ ತೊಳೆದಿಡುವುದು ವಾಡಿಕೆ. ಆ ದಿನ ಎರಡು ಸಲ ತೊಳೆದಿಟ್ಟರೂ ಪರದೆ ಅಲ್ಲಾಡಲಿಲ್ಲ. ಆರ್ವೊ ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಮಾರ್ಲಿಸ್ ನಿಟ್ಟುಸಿರು ಬಿಟ್ಟು, ಇದಕ್ಕೆ ಮೆಮೊರಿ ಸಾಲದು, ಹೊಸ ಕಂಪ್ಯೂಟರು ತೆಗೆದುಕೊಡಿ ಎಂದು ಐದು ವರ್ಷದಿಂದ ಬಡಕೊಳ್ತಿದ್ದೇನೆ ಎಂದಳು. ಡೆಲ್ಮರ್ ಅಲ್ಲೇ ಇದ್ದ. ಮುಂದಿನದು ನಿಮಗೇ ಗೊತ್ತು.

“ಅದೇನು ಮಹಾ,” ಎಂದ. “ಮೆಮೊರಿ ತಾನೆ. ನಾನು ಹಾಕ್ತೀನಿ ಬಿಡು.”

ಮಾರನೆಯ ದಿನ ಅವನನ್ನು ಹಳೆಯ ಸಾಮಾನೆಲ್ಲ ಗುಡ್ಡೆ ಹಾಕಿಕೊಂಡಿರುವ ವಿಕ್ ಬೆರ್ತೋಲಿಯ ಕೊಟ್ಟಿಗೆಗೆ ಕರೆದುಕೊಂಡು ಹೋದ ಪಾಪ ನನ್ನದು. ನಾನು ಮೂವತ್ತೆರಡು ವರ್ಷ ಹಿಮ ತಳ್ಳುವ ಗಾಡಿ ಓಡಿಸಿದವನು. ತಳ್ಳಿದ ಹಿಮ ಮಾರನೆಯ ದಿನ ಅಲ್ಲೇ ಬಿದ್ದಿರುವುದನ್ನು ಅಷ್ಟು ವರ್ಷ ನೋಡಿದವನಿಗೆ ಯಾವ ಕೆಲಸದ ಮೇಲೂ ಭರವಸೆ ಉಳಿದಿರುವುದಿಲ್ಲ. ಆದರೂ ಹೋದೆ. ಅಕ್ಕನ ಗಂಡ, ಏನು ಮಾಡುವುದು?

ವಿಕ್‌ನ ಕೊಟ್ಟಿಗೆಯಲ್ಲಿ ದುಡ್ಡಿನ ಮಾತಿಲ್ಲ. ಒಂದು ಇಟ್ಟು ಒಂದು ಒಯ್ಯಬೇಕು. ಡೆಲ್ಮರ್ ಕಂಪ್ಯೂಟರಿನಿಂದ ಕಿತ್ತು ತಂದಿದ್ದ ಹಳೆಯ ಮೆಮೊರಿಯನ್ನು, ಅಂದರೆ ಎರಡು ರ‍್ಯಾಮ್ ಪಟ್ಟಿಗಳನ್ನು ಮೇಜಿನ ಮೇಲಿಟ್ಟ. ಒಂದೊಂದೂ ಒಂದು ಜಿಬಿ. ವಿಕ್ ಎಲ್ಲಿಂದಲೋ ಎರಡು ಪಟ್ಟಿ ತಂದ. ಯಾವುದೋ ದೊಡ್ಡ ಆಫೀಸಿನ ಸರ್ವರಿನಲ್ಲಿ ಇದ್ದವಂತೆ, ಒಂದೊಂದೂ ಎಂಟು ಜಿಬಿ. ಡೆಲ್ಮರ್ ಕನ್ನಡಕ ಏರಿಸಿ ಹಳೆಯದನ್ನೂ ಹೊಸದನ್ನೂ ಬೆನ್ನಿಗೆ ಬೆನ್ನು ಕೊಟ್ಟು ಹಿಡಿದ. ಉದ್ದ ಒಂದೇ. ಚಿನ್ನದ ಬಣ್ಣದ ಹಲ್ಲುಗಳು ಅಷ್ಟೇ. ಹಲ್ಲಿನ ನಡುವಿನ ಕಚ್ಚು ಕೂಡ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮೇಲಿನ ಚೀಟಿಯಲ್ಲಿ ಏನೋ ಬರೆದಿತ್ತು. ಡೆಲ್ಮರ್ ಅದನ್ನು ಓದಲಿಲ್ಲ. ನಮ್ಮ ಕಡೆ ಟ್ರ್ಯಾಕ್ಟರಿನ ಭಾಗ ತರುವಾಗ ಯಾರೂ ಚೀಟಿ ಓದುವುದಿಲ್ಲ, ಕೂತರೆ ಆಯಿತು. ವಿಕ್ ಹಳೆಯ ಎರಡನ್ನು ತೆಗೆದು, ಬಣ್ಣದ ಬಕೆಟ್ಟಿನಲ್ಲಿ ತುಂಬಿದ್ದ ಅಂಥವೇ ನೂರಾರು ಪಟ್ಟಿಗಳ ಮೇಲೆ ಎಸೆದು ಒಮ್ಮೆ ಕುಲುಕಿದ.

ಟೌನ್ ಹಾಲಿಗೆ ಬಂದು ಪಟ್ಟಿಗಳನ್ನು ಒತ್ತಿದರೆ ಟಕ್ ಟಕ್ ಎಂದು ಕೂತವು. ಡೆಲ್ಮರ್ ಮಾರ್ಲಿಸಳ ಕಡೆ ತಿರುಗಿ ಹುಬ್ಬು ಹಾರಿಸಿ ಗುಂಡಿ ಒತ್ತಿದ. ಪರದೆ ಕಪ್ಪಾಗಿಯೇ ಇತ್ತು. ಪೆಟ್ಟಿಗೆಯೊಳಗಿನಿಂದ ಮೂರು ಸಲ ಬೀಪ್ ಎಂದಿತು. ಸ್ವಲ್ಪ ತಡೆದು ಮತ್ತೆ ಮೂರು ಸಲ. ಮತ್ತೆ ಮೂರು.

“ಏನಯ್ಯಾ ಅದು?” ಎಂದಳು ಮಾರ್ಲಿಸ್. ಅವಳೂ ಅವನೂ ಒಂದೇ ತರಗತಿಯಲ್ಲಿ ಓದಿದವರು.

ಡೆಲ್ಮರನಿಗೆ ಗೊತ್ತಿಲ್ಲ ಎನ್ನುವ ಪದ ಬಾಯಿಗೆ ಬರುವುದಿಲ್ಲ, ಹುಟ್ಟಿನಿಂದಲೇ ಹಾಗೆ. “ಎಣಿಸ್ತಿದೆ,” ಎಂದ. “ಮುಂಚೆ ಇದ್ದದ್ದು ಎರಡು ಜಿಬಿ, ಈಗ ಹದಿನಾರು. ಎಣಿಸೋಕೆ ಹೊತ್ತು ಬೇಡ್ವಾ? ಎರಡು ದಿನ ಮುಟ್ಬೇಡ.”

ಮಾರ್ಲಿಸ್ ಎರಡು ದಿನ ಪೆಟ್ಟಿಗೆಯ ಮೇಲೆ ಎರಡು ಟವೆಲ್ ಹೊದಿಸಿ ಕೆಲಸ ಮಾಡಿದಳು. ಅಂಚೆಯವನು ಬಂದಾಗ ಇದೇನು ಸದ್ದು ಎಂದು ಕೇಳಿದ. ಸ್ಮಶಾನದ ಕಂಪ್ಯೂಟರು ಎಣಿಸುತ್ತಿದೆ ಎಂದಳು. ಅವನು ಅಂಚೆಯ ಜೊತೆ ಅದನ್ನೂ ಮನೆಮನೆಗೆ ಹಂಚಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಕಡೆಯೂ ಇದ್ದಾರೆ. ನಮ್ಮಲ್ಲಿ ಚಳಿಗಾಲ ಉದ್ದವಾದ್ದರಿಂದ ಸ್ವಲ್ಪ ಹೆಚ್ಚು. ಗುರುವಾರ ಸಂಜೆಗೆ ಟೌನ್‌ಶಿಪ್ಪಿನವರು ಸಮಾಧಿ ಎಣಿಸುತ್ತಿದ್ದಾರೆ ಎಂದಾಯಿತು. ಶುಕ್ರವಾರಕ್ಕೆ ಎಣಿಕೆ ತಾಳೆಯಾಗುತ್ತಿಲ್ಲ ಎಂದಾಯಿತು. ಶನಿವಾರ ಬೆಳಿಗ್ಗೆ ಬೇಕರಿಯಲ್ಲಿ ನನ್ನ ಕಿವಿಗೇ ಬಿತ್ತು: ದಾಖಲೆಯೆಲ್ಲ ಅಳಿಸಿಹೋಗಿದೆ, ನೀವು ಮೂವತ್ತು ವರ್ಷದ ಹಿಂದೆ ಕಾದಿರಿಸಿದ ಜಾಗಕ್ಕೆ ಇನ್ನು ಗುರುತಿಲ್ಲ, ಮೊದಲು ಹಿಡಿದವರದೇ ಜಾಗ.

ಜಾಗ ಹಿಡಿಯುವುದಕ್ಕೆ ನಮ್ಮೂರಿನಲ್ಲಿ ಒಂದೇ ಪದ್ಧತಿ. ಜುಲೈ ನಾಲ್ಕರ ಸ್ವಾತಂತ್ರ್ಯೋತ್ಸವದ ಮೆರವಣಿಗೆಗೆ ಹಿಂದಿನ ದಿನವೇ ರಸ್ತೆಯ ಪಕ್ಕ ಮಡಚು ಕುರ್ಚಿ ಹಾಕಿ ಹೋಗುತ್ತೇವೆ. ಖಾಲಿ ಕುರ್ಚಿಯಾದರೂ ಸರಿ, ಅದನ್ನು ಯಾರೂ ಸರಿಸುವುದಿಲ್ಲ. ಒಮ್ಮೆ ಸರಿಸಿದವನೊಬ್ಬನ ಜೊತೆ ಊರು ಹನ್ನೆರಡು ವರ್ಷ ಮಾತಾಡಲಿಲ್ಲ; ಕೊನೆಗೆ ಅವನು ಪಕ್ಕದ ರಾಜ್ಯ ವಿಸ್ಕಾನ್ಸಿನ್ ಕಡೆ ಮನೆ ಮಾಡಿದ.

ಭಾನುವಾರ ಪ್ರಾರ್ಥನೆ ಮುಗಿಸಿ ನೋಡಿದರೆ ಸ್ಮಶಾನದ ತುಂಬ ಮಡಚು ಕುರ್ಚಿ. ನೀಲಿ ಪಟ್ಟೆಯವು, ಹಸಿರು ಪಟ್ಟೆಯವು, ಬಿಯರು ಡಬ್ಬಿ ಇಡಲು ತೂತಿರುವವು. ಸುಮಾರು ನೂರ ನಲವತ್ತು. ಕೆಲವರು ಎದ್ದು ಹೋಗಲು ಧೈರ್ಯ ಸಾಲದೆ ಕಂಬಳಿ ಹೊದ್ದು ಅದರಲ್ಲೇ ಕೂತಿದ್ದರು, ತಂತಮ್ಮ ಸಾವಿನ ಮೇಲೆ. ನನ್ನ ಅಕ್ಕ ವರ್ನಾ ಎರಡು ಕುರ್ಚಿ ಹಾಕಿದ್ದಳು. ಒಂದು ತನಗೆ, ನಮ್ಮ ಅಮ್ಮನ ಪಕ್ಕ. ಇನ್ನೊಂದು ಗಂಡನಿಗೆ, ಮೂರು ಸಾಲು ಆಚೆ, ಪಂಪ್ ಮನೆಯ ಹಿಂದೆ. ಇಷ್ಟು ದೂರ ಯಾಕೆ ಎಂದು ಕೇಳಿದೆ. ಅಲ್ಲೂ ಏನಾದರೂ ರಿಪೇರಿ ಮಾಡುತ್ತಾನೆ, ಸದ್ದಾಗುತ್ತದೆ ಎಂದಳು.

ಯಾರೋ ಫೋನು ಮಾಡಿ ಪೊಲೀಸಿನವನನ್ನು ಕರೆಸಿದರು. ಅವನು ಗೇಟಿನಲ್ಲಿ ನಿಂತು ಏನು ಕಾರ್ಯಕ್ರಮ ಎಂದು ಕೇಳಿದ. ವಿಷಯ ತಿಳಿದು ಟೋಪಿ ತೆಗೆದ. ಇದು ಅಕ್ರಮ, ಎಲ್ಲರೂ ಕುರ್ಚಿ ಎತ್ತಿ ಎಂದು ಹತ್ತು ನಿಮಿಷ ಗಂಭೀರವಾಗಿ ಹೇಳಿದ. ಆಮೇಲೆ ತನ್ನ ತಾಯಿಯ ಜಾಗವೂ ಇಲ್ಲೇ ಎಲ್ಲೋ ಇರಬೇಕು ಎಂದು ಸುತ್ತ ನೋಡಿ, ಗಾಡಿಯ ಡಿಕ್ಕಿ ತೆರೆದು ತನ್ನದೊಂದು ಕುರ್ಚಿ ತಂದು ಬಿಚ್ಚಿದ.

ಈ ಗಲಾಟೆಯಲ್ಲಿ ಕುರ್ಚಿ ಹಾಕದೆ ಉಳಿದವರು ಆರ್ವೊ ಒಬ್ಬರೇ. ಎಲ್ಲಿ ಹಾಕಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಟೌನ್ ಹಾಲಿನ ಬಾಗಿಲು ತೆರೆದ ದಿನವೆಲ್ಲ ಬೆಳಿಗ್ಗೆ ಹತ್ತಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಡೆಲ್ಮರ್ ದಿನಕ್ಕೊಂದು ಹೇಳುತ್ತಿದ್ದ: ಎಣಿಕೆ ಅರ್ಧ ಆಗಿದೆ, ಮುಕ್ಕಾಲು ಆಗಿದೆ, ಇನ್ನೇನು ಬಂತು. ಅವರು ತಲೆಯಾಡಿಸಿ ಹನ್ನೊಂದಕ್ಕೆ ಎದ್ದು ಹೋಗುತ್ತಿದ್ದರು. ಸೋಮವಾರ ಕಾಗದದಲ್ಲಿ ಸುತ್ತಿದ ಏನನ್ನೋ ತಂದರು. ಏಲಕ್ಕಿ ಬ್ರೆಡ್ಡು. ಜನವರಿಯಲ್ಲಿ ಐಲಿ ಬೇಯಿಸಿ ಫ್ರೀಜರಿನಲ್ಲಿಟ್ಟದ್ದು, ಅದೊಂದೇ ಉಳಿದಿತ್ತಂತೆ. ನೀನು ಇಷ್ಟು ಕಷ್ಟಪಡುತ್ತಿದ್ದೀಯ, ತಿನ್ನು ಹುಡುಗಾ ಎಂದರು. ಹುಡುಗನಿಗೆ ಎಪ್ಪತ್ತು ವರ್ಷ. ಅವನು ಎರಡು ಹೋಳು ತಿಂದು, ನಾಳೆ ಖಂಡಿತ ಎಂದ. ನನಗೆ ಅವನ ಕುತ್ತಿಗೆ ಹಿಸುಕಬೇಕೆನ್ನಿಸಿತು. ಬ್ರೆಡ್ಡು ಇಳಿಯಲಿ ಎಂದು ಕಾದೆ.

ಆರ್ವೊ ಹೋದ ಮೇಲೆ ನಿಜ ಹೇಳು ಎಂದು ಹಿಡಿದೆ. ಇದು ಎಣಿಕೆಯಲ್ಲವೇನೋ ಎಂದು ಅವನಿಗೂ ಶನಿವಾರದಿಂದ ಅನುಮಾನವಂತೆ. ಸರಿ, ಹಳೆಯ ಪಟ್ಟಿಗಳನ್ನೇ ತರೋಣ ಎಂದು ಇಬ್ಬರೂ ವಿಕ್‌ನಲ್ಲಿಗೆ ಓಡಿದೆವು. ವಿಕ್ ಬಕೆಟ್ಟು ತೋರಿಸಿ, ನಿಮ್ಮದು ಇದರಲ್ಲೇ ಇದೆ, ಆರಿಸ್ಕೊಳ್ಳಿ ಎಂದ. ಎಲ್ಲವೂ ಹಸಿರು, ಎಲ್ಲವೂ ಗೇಣುದ್ದಕ್ಕಿಂತ ಚಿಕ್ಕವು, ಎಲ್ಲಕ್ಕೂ ಚಿನ್ನದ ಹಲ್ಲು. ನಲವತ್ತನ್ನು ಚೀಲಕ್ಕೆ ತುಂಬಿಕೊಂಡು ಬಂದೆವು.

ಮಂಗಳವಾರ ಡೆಲ್ಮರ್ ಒಂದೊಂದನ್ನೇ ಹಾಕಿ ನೋಡಿದ. ಕೂತವುಗಳಿಗೂ ಅದೇ ಮೂರು ಬೀಪ್, ಕೆಲವು ಕೂರಲೇ ಇಲ್ಲ. ಹಲ್ಲುಗಳ ನಡುವಿನ ಕಚ್ಚು ಒಂದು ಕಾಳಿನಷ್ಟು ಪಕ್ಕಕ್ಕಿತ್ತು. ಯಾವ ವಸ್ತುವಾದರೂ ಹೀಗೆ ಕಾಳಿನಷ್ಟು ಹೊಂದದಿದ್ದರೆ ನಮ್ಮೂರಿನ ಗಂಡಸರಿಗೆ ಕೈ ತಾನಾಗಿಯೇ ಅರದ ಕಡೆ ಹೋಗುತ್ತದೆ. ಗರಗಸದ ಸರಪಳಿಗೆ ಅರ, ನೇಗಿಲಿಗೆ ಅರ, ಸಾಲದಿದ್ದರೆ ಬಾಗಿಲಿಗೂ ಅರ. ಡೆಲ್ಮರ್ ಪಟ್ಟಿಯನ್ನು ಮೇಜಿನ ಇಕ್ಕಳಕ್ಕೆ ಕಚ್ಚಿಸಿ, ಪೇಟೆಯ ಕಡೆಯ ಅಕ್ಕಸಾಲಿಗನೂ ತಲೆದೂಗುವ ಹಾಗೆ ಕಚ್ಚನ್ನು ಉಜ್ಜಿ ಅಗಲ ಮಾಡಿದ. ನಾನು ಬೇಡ ಎಂದೆನೇ? ನಾನು ದೀಪ ಹಿಡಿದುಕೊಂಡಿದ್ದೆ.

ಉಜ್ಜಿದ್ದು ಕೂತಿತು. ಗುಂಡಿ ಒತ್ತಿದ. ಸುಟ್ಟ ಕೂದಲಿನ ವಾಸನೆ ಬಂತು, ಎಳೆಯಷ್ಟು ಹೊಗೆ ಎದ್ದಿತು. ಆಮೇಲೆ ನಿಶ್ಶಬ್ದ. ಆರು ದಿನ ಬೀಪ್ ಬೀಪ್ ಎಂದು ಊರನ್ನೇ ಹುಚ್ಚು ಹಿಡಿಸಿದ್ದ ಪೆಟ್ಟಿಗೆ ತುಟಿ ಬಿಚ್ಚಲಿಲ್ಲ.

“ನೋಡಿದ್ಯಾ?” ಎಂದ ಡೆಲ್ಮರ್. “ಕೂಗೋದು ನಿಂತಿತು. ವಾಸಿಯಾಯ್ತು.”

“ಪರದೆ ಕಪ್ಪಗೇ ಇದೆಯಲ್ಲೋ,” ಎಂದಳು ಮಾರ್ಲಿಸ್.

“ದಣಿದಿದೆ. ಸುಧಾರಿಸ್ಕೊಳ್ಳಲಿ.”

 ಮಾರ್ಲಿಸ್ ಪೆಟ್ಟಿಗೆಗೆ ಹೊದಿಸುತ್ತಿದ್ದ ಟವೆಲ್ಲುಗಳನ್ನು ಮಡಚಿಟ್ಟಳು. ಆಮೇಲೆ ಅವನಿಗೆ ಬೆನ್ನು ಹಾಕಿ ಶಾಲೆಗೆ ಫೋನು ಮಾಡಿದಳು. ಶಾಲೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಜೊಯಾನ್ ಟ್ರೆಗೀರ್, ಮಕ್ಕಳಿಗೆ ಪರೀಕ್ಷೆ ಇದೆ, ಗುರುವಾರ ಬೆಳಿಗ್ಗೆ ಬರುತ್ತೇನೆ ಎಂದಳು. ಶನಿವಾರಕ್ಕೆ ಎರಡೇ ದಿನ ಮುಂಚೆ.

ಗುರುವಾರ ಕಂಪ್ಯೂಟರಿಗೆ ಡಾಕ್ಟರು ಬರುತ್ತಾಳೆಂದು ತಿಳಿದು ಕುರ್ಚಿ ಹಾಕಿದವರಲ್ಲಿ ಅರ್ಧದಷ್ಟು ಜನ ಹಾಲಿನಲ್ಲಿ ನೆರೆದಿದ್ದರು. ಆರ್ವೊ ತಮ್ಮ ಬೆಂಚಿನಲ್ಲಿದ್ದರು. ಜೊಯಾನ್ ಪೆಟ್ಟಿಗೆ ಬಿಚ್ಚಿ, ಉಜ್ಜಿದ ಪಟ್ಟಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದಳು.

“ಇದಕ್ಕೆ ಅರ ಹಾಕಿದ್ದು ಯಾರು?” ಎಂದಳು.

ಎಲ್ಲರೂ ಡೆಲ್ಮರನನ್ನು ನೋಡಿದರು. ಡೆಲ್ಮರ್ ನನ್ನನ್ನು ನೋಡಿದ.

ಆಕೆ ಬೈಯಲಿಲ್ಲ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಅದು ಸಹಿಸುವುದು ಇನ್ನೂ ಕಷ್ಟ. ಮೆಮೊರಿಯಲ್ಲಿ ತಲೆಮಾರುಗಳಿರುತ್ತವೆ. ನಿಮ್ಮ ಯಂತ್ರ ಮೂರನೇ ತಲೆಮಾರಿನದು, ನೀವು ಉಜ್ಜಿದ್ದು ಎರಡನೆಯದು. ಒಂದಕ್ಕೊಂದು ಹಾಕದಿರಲಿ ಎಂದೇ ಕಚ್ಚನ್ನು ಬೇರೆ ಜಾಗದಲ್ಲಿ ಇಟ್ಟಿರುತ್ತಾರೆ. ಅದು ಬೀಗವಿದ್ದ ಹಾಗೆ, ನೀವು ಬೀಗವನ್ನೇ ಉಜ್ಜಿ ತೆಗೆದಿರಿ. ಆಮೇಲೆ ಸರ್ವರಿನ ಪಟ್ಟಿ ಎತ್ತಿಕೊಂಡಳು. ಇದು ತಲೆಮಾರಿನಲ್ಲಿ ಸರಿ, ಕಚ್ಚಿನಲ್ಲಿ ಸರಿ, ಕೂರುತ್ತದೆ ಕೂಡ. ಆದರೆ ದೊಡ್ಡ ಯಂತ್ರದ ಮೆಮೊರಿಯ ನಡುವೆ ಇನ್ನೊಂದು ಚಿಪ್ ಇರುತ್ತದೆ, ಎಲ್ಲ ಮಾತೂ ಅದರ ಮೂಲಕವೇ ಆಗಬೇಕು. ನಿಮ್ಮ ಈ ಬಡಪಾಯಿಗೆ ಆ ಪದ್ಧತಿ ಗೊತ್ತಿಲ್ಲ. ಅದು ಎಣಿಸುತ್ತಿರಲಿಲ್ಲ, ಮೆಮೊರಿಯೇ ಇಲ್ಲ ಎಂದು ಆರು ದಿನ ಕೂಗುತ್ತಿತ್ತು.

“ಚೀಟಿ ಮೇಲೆ ಬರೆದಿತ್ತಲ್ಲ ಹಕಲಾ ಅವರೇ,” ಎಂದಳು ಕೊನೆಗೆ. “ನೀವು ಓದ್ಲಿಲ್ವಾ?”

“ಕೂತಿತು,” ಎಂದ ಡೆಲ್ಮರ್. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಟ್ಟಿ ಕೂರಿಸುವ ಎರಡು ಸಂದುಗಳಲ್ಲಿ ಒಂದು ಸುಟ್ಟಿತ್ತು, ಇನ್ನೊಂದು ಉಳಿದಿತ್ತು. ದಾಖಲೆ ಇರುವ ಡಿಸ್ಕಿಗೂ ಮೆಮೊರಿಗೂ ಸಂಬಂಧವಿಲ್ಲ, ಅದಕ್ಕೇನೂ ಆಗಿರಲಾರದು ಎಂದು ಜೊಯಾನ್ ಶಾಲೆಯ ಹಳೆಯ ಕಂಪ್ಯೂಟರಿನಿಂದ ತಂದ ನಾಲ್ಕು ಜಿಬಿಯ ಪಟ್ಟಿಯೊಂದನ್ನು ಒತ್ತಿದಳು. ಒಂದೇ ಬೀಪ್. ಪರದೆ ಬೆಳಗಿತು. ಹಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಡೆಲ್ಮರನೂ ತಟ್ಟಿದ, ತನ್ನದೂ ಅದರಲ್ಲಿ ಪಾಲಿದೆ ಎಂಬಂತೆ ಸುತ್ತ ನೋಡಿದ.

ಎಲ್ಲರಿಗೂ ತಂತಮ್ಮ ಜಾಗ ನೋಡುವ ಆತುರ. ಮಾರ್ಲಿಸ್ ಕೈ ಅಡ್ಡ ಹಿಡಿದು, ಮೊದಲು ಸಾಲ್ಮಿಯವರದು ಎಂದಳು. ನಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಸಾಲ್ಮಿ ಎಂದು ಒತ್ತಿದಳು. ಆರ್ವೊ ಮತ್ತು ಐಲಿ ಎಪ್ಪತ್ತನೇ ಇಸವಿಯಲ್ಲಿ ಕಾದಿರಿಸಿದ ಜೋಡಿ ಜಾಗ ಬಂತು, ದಕ್ಷಿಣದ ಗುಡ್ಡದ ಮೇಲೆ. ಮಗು ಬರಲಿಲ್ಲ. ಅರವತ್ತೊಂದು ಎಂದು ಒತ್ತಿದಳು. ಇಲ್ಲ. ನಕ್ಷೆಯನ್ನು ಎಳೆಯುತ್ತ ಎಳೆಯುತ್ತ ಉತ್ತರದ ತುದಿಗೆ ಹೋದಳು. ಅಲ್ಲಿ ಬೇಲಿಯ ಉದ್ದಕ್ಕೂ ಒಂದೇ ಒಂದು ಚೌಕ ಇತ್ತು. ಒಳಗೆ ಬರೆದಿತ್ತು: ಶಿಶುಗಳು, ಒಟ್ಟು ಹನ್ನೊಂದು.

ಅದನ್ನು ಕುಟ್ಟಿದ ಬೆರಳು ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ. ಆರ್ವೊ ಕನ್ನಡಕ ತಂದಿರಲಿಲ್ಲ. ಬೆಂಚಿನಿಂದಲೇ ಕೇಳಿದರು.

“ಏನಂತೆ ಹುಡುಗಾ? ಎಲ್ಲಿದೆಯಂತೆ?”

ಡೆಲ್ಮರ್ ಬಾಯಿ ತೆರೆದ. ನಲವತ್ತು ವರ್ಷದಿಂದ ಆ ಬಾಯಿ ನನಗೆ ಗೊತ್ತು. ಬೇಲಿಯಿಂದ ನಾಲ್ಕನೆಯದು ಎಂದೋ, ಏಳನೆಯದು ಎಂದೋ ಹೇಳಿಬಿಡುತ್ತಾನೆ ಎಂದುಕೊಂಡೆ. ಹೇಳಿದ್ದರೆ ಮುಗಿಯುತ್ತಿತ್ತು. ಪರದೆ ನೋಡಿದ ಅಷ್ಟೂ ಜನರಲ್ಲಿ ಒಬ್ಬರೂ ಅಲ್ಲ ಎನ್ನುತ್ತಿರಲಿಲ್ಲ. ನಾನಂತೂ, ದೇವರಾಣೆ, ಹೇಳಲಿ ಎಂದೇ ಬಯಸಿದೆ.

“ಇಲ್ಲ,” ಎಂದ ಡೆಲ್ಮರ್. “ಪುಸ್ತಕ ನೆಂದಿತ್ತಲ್ಲ, ಆ ಹಾಳೇಲಿ ಶಾಯಿ ಪೂರ್ತಿ ಹರಡಿಹೋಗಿತ್ತು. ಹನ್ನೊಂದು ಸಾಲು ಇದೆ ಅನ್ನೋದಷ್ಟೇ ಕಾಣ್ತಿತ್ತು. ಬೇಸಿಗೇಲಿ ಮನೆಮನೆಗೆ ಹೋಗಿ ಕೇಳಿ ಬರೆಯೋಣ ಅಂದ್ಕೊಂಡಿದ್ದೆ. ಐಲಿಯವರಿಗೆ ಗೊತ್ತಿತ್ತು. ಕೇಳಿದ್ರೆ ಹೇಳ್ತಿದ್ರು. ನಾನು ಕೇಳ್ಲಿಲ್ಲ.”

ಒಂಬತ್ತು ದಿನದಲ್ಲಿ ಅವನು ಹೇಳಿದ ಮೊದಲ ನಿಜ. ಅದಕ್ಕಾಗಿ ಯಾರೂ ಅವನ ಬೆನ್ನು ತಟ್ಟಲಿಲ್ಲ. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೇ ಕನಿಕರವೂ ಬಂತು. ಎರಡೂ ಒಟ್ಟಿಗೆ ಬರುವುದು ಬಹಳ ಹಿಂಸೆ.

ಆರ್ವೊ ಟೋಪಿಯನ್ನು ಮೊಣಕಾಲಿನ ಮೇಲೆ ಒಂದು ಸುತ್ತು ತಿರುಗಿಸಿದರು.

“ಹನ್ನೊಂದಾ?”

“ಹನ್ನೊಂದು.”

“ಅದ್ರಲ್ಲಿ ಒಂದು ನಮ್ದು ತಾನೆ?”

“ಒಂದು ನಿಮ್ದೇ.”

“ಹಾಗಾದ್ರೆ ಅವಳನ್ನ ಅಡ್ಡ ಮಲಗಿಸಿ. ಆ ಸಾಲಿನ ಕಾಲ ಬುಡದಲ್ಲಿ, ಬೇಲಿ ಉದ್ದಕ್ಕೆ.”

ಎಲ್ಲರ ಮುಖವೂ ಪೂರ್ವಕ್ಕೇ ಇರಬೇಕು, ಅಡ್ಡ ಮಲಗಿಸುವ ಪದ್ಧತಿ ನಿಯಮದಲ್ಲಿ ಇಲ್ಲ ಎಂದು ಮಾರ್ಲಿಸ್ ಹೇಳಲು ಹೋದಳು. ಹೇಳುತ್ತ ಹೇಳುತ್ತ ಅವಳ ದನಿಯೇ ಇಳಿದುಹೋಯಿತು. ಜಾಗ ಇಪ್ಪತ್ತೆರಡು ಅಡಿ ಉದ್ದ ಇದೆ, ಐಲಿಯವರು ಐದಡಿ, ಯಾವ ಕೊನೆಗೆ ಇಡೋಣ ಎಂದು ಕೇಳಿದಳು.

“ಮಧ್ಯಕ್ಕೆ ಇಡಿ,” ಎಂದರು ಆರ್ವೊ. “ಎಲ್ಲೇ ಇದ್ರೂ ಹತ್ರಾನೇ ಆಗುತ್ತೆ.”

“ಆದ್ರೆ ಅಲ್ಲಿ ಒಂದ್ಕಡೆ ಬೇಲಿ, ಇನ್ನೊಂದ್ಕಡೆ ಮಕ್ಳು,” ಎಂದಳು ಮಾರ್ಲಿಸ್. “ಅವರ ಪಕ್ಕ ನಿಮಗೆ ಜಾಗ ಉಳಿಯಲ್ಲ ಸಾಲ್ಮಿಯವರೇ. ನೀವೊಬ್ಬರೇ ಗುಡ್ಡದ ಮೇಲೆ ಆಗ್ತೀರಿ.”

ಆರ್ವೊ ಎದ್ದು ಟೋಪಿ ಹಾಕಿಕೊಂಡರು.

“ನಾನು ಹಡಗಿನವನು ತಾಯಿ,” ಎಂದರು. “ಬೇರೆ ಮಲಗಿ ಅಭ್ಯಾಸ ಇದೆ.”

ಅವರ ಹಿಂದೆ ಬಾಗಿಲು ಮುಚ್ಚಿದ ಮೇಲೂ ತನ್ನ ಜಾಗ ನೋಡು ಎಂದು ಯಾರೂ ಮಾರ್ಲಿಸಳನ್ನು ಕೇಳಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋಗಿ ತಂತಮ್ಮ ಕುರ್ಚಿ ಮಡಚಿದರು. ಅಲ್ಲಿ ಅಗೆಯುವ ಯಂತ್ರ ತರುವ ಹಾಗಿಲ್ಲ, ಮಕ್ಕಳ ಮೇಲೆಯೇ ಹಾದು ಬರಬೇಕು. ಡೆಲ್ಮರ್ ಮತ್ತು ನಾನು ಗುದ್ದಲಿ ತೆಗೆದುಕೊಂಡು ಹೋದೆವು. ಅವನು ಬೇಲಿಯ ಬುಡದಲ್ಲಿ ಮಂಡಿಯೂರಿ ಟೇಪು ಹಿಡಿದು ಆ ತುದಿಯಿಂದ ಅಳೆದ, ಈ ತುದಿಯಿಂದ ಅಳೆದ, ನನ್ನ ಕೈಯಲ್ಲಿ ಕೊಟ್ಟು ಇನ್ನೊಮ್ಮೆ ಅಳೆಸಿದ. ಮೂರು ಸಲವೂ ಹನ್ನೊಂದು ಅಡಿಗೇ ಮಧ್ಯ ಬಂತು. ಅಲ್ಲಿ ಒಂದು ಗೂಟ ನೆಟ್ಟು, ಅಗೆಯಲು ಶುರು ಮಾಡಿದೆವು.